ಎಲೆಯೆತ್ತುವ ಹೊಣೆ

‘ಎಲೆ ಎತ್ತೋ ಜಾಣ ಅಂದರೆ ಉಂಡವರೆಷ್ಟು ಅಂದ’ ಎಂಬ ಗಾದೆಯನ್ನು ಕನ್ನಡಿಗರು ಸೋಮಾರಿಯನ್ನು ಹಳಿಯುವುದಕ್ಕೆ ಬಳಸುತ್ತ ಬಂದಿದ್ದಾರೆ. ಹೇಳಿದ ಕೆಲಸವನ್ನು ಮಾಡದೆ ಲೆಕ್ಕ ಕೇಳುತ್ತ ಕುಳಿತವನನ್ನು ಕುರಿತ ಪರಿಹಾಸವದು. ಆದರೆ ಆ ಜಾಣನ ಪ್ರಶ್ನೆಯಲ್ಲಿ ನ್ಯಾಯದ ಎಳೆಯೊಂದು ಅಡಗಿದೆಯೆಂಬುದನ್ನು ಅಲ್ಲಗಳೆಯಲಾಗದು. ಉಂಡವರು ನೂರು ಮಂದಿಯಾಗಿ, ಎಲೆಯೆತ್ತಲು ಕರೆಸಲ್ಪಟ್ಟವನು ಆ ಪಂಕ್ತಿಯಲ್ಲಿ ಕುಳಿತೇ ಇರದವನಾಗಿದ್ದರೆ, ಅವನು ಹಾಗೆ ಕೇಳುವುದು ಸೋಮಾರಿತನವಲ್ಲ, ಧರ್ಮಜಿಜ್ಞಾಸೆ.

ಶರಣಧರ್ಮದ ಮನೆಗಳಲ್ಲಿ ಹಿರಿಯರು ಪಾಲಿಸಿಕೊಂಡು ಬಂದ ಒಂದು ನೇಮವನ್ನು ಇಲ್ಲಿ ನೆನೆಯಬಹುದು. ಪ್ರಸಾದವನ್ನು ಒಂದಗುಳೂ ಬಿಡದೆ ಸ್ವೀಕರಿಸಿ, ತಟ್ಟೆಯನ್ನು ತೊಳೆದು, ಆ ನೀರನ್ನೂ ಕುಡಿಯುವುದು ಆ ನೇಮ. ಹೊರಗಿನವರ ಕಣ್ಣಿಗೆ ಇದು ಬರಿಯ ಮಡಿವಂತಿಕೆಯೆಂದು ತೋರಬಹುದು. ಆದರೆ ತಾನು ಕೊಂಡದ್ದರ ಶೇಷವನ್ನು ಇನ್ನೊಬ್ಬರ ಕೈಗೆ ಬಿಡಲಾಗದೆಂಬ ಎಚ್ಚರವೂ ಅದರೊಳಗೆ ಇದೆ. ಅನ್ನದ ಮಟ್ಟಿಗೆ ಈ ಎಚ್ಚರ ಸುಲಭ. ತಟ್ಟೆ ಚಿಕ್ಕದು, ಕೈಗೆಟುಕುವಷ್ಟು ಹತ್ತಿರದ್ದು. ಗೃಹಸ್ಥನು ಇಂದು ಕೊಳ್ಳುತ್ತಿರುವ ಭೋಗಗಳಲ್ಲಿ ತಟ್ಟೆಯೇ ಕಣ್ಣಿಗೆ ಬೀಳದಂಥವು ಅನೇಕವುಂಟು. ಅವುಗಳಲ್ಲಿ ವಿದ್ಯುತ್ತು ಮುಖ್ಯವಾದುದು. ಅದರಲ್ಲಿಯೂ ಅಣುವನ್ನೊಡೆದು ತೆಗೆದ ವಿದ್ಯುತ್ತು.

ಮೈಸೂರಿನ ಗೋಕುಲಂ ಬಡಾವಣೆಯನ್ನು ಉದಾಹರಣೆಗೆಂದು ತೆಗೆದುಕೊಳ್ಳಬಹುದು. ನಗರದ ಉತ್ತರಕ್ಕೆ, ಒಂಟಿಕೊಪ್ಪಲು ಜಯಲಕ್ಷ್ಮೀಪುರಗಳ ನೆರೆಯಲ್ಲಿ, ಮರಗಳ ನೆರಳಿರುವ ಬೀದಿಗಳುಳ್ಳ ನೆಮ್ಮದಿಯ ಬಡಾವಣೆಯದು. ನಿವೃತ್ತರು, ನೌಕರರು, ವರ್ತಕರು, ಯೋಗ ಕಲಿಯಲೆಂದು ಪರದೇಶಗಳಿಂದ ಬಂದು ತಂಗುವವರು, ಹೀಗೆ ಬಗೆಬಗೆಯ ಜನ ಅಲ್ಲಿ ವಾಸವಾಗಿದ್ದಾರೆ. ಈ ಬಡಾವಣೆಯಲ್ಲಿ ದೋಷವೇನೂ ಇಲ್ಲ. ನಾಡಿನ ಯಾವ ನಗರದಲ್ಲಿಯೂ ಇಂಥದೊಂದು ಇದ್ದೇ ಇದೆ. ಸಂಜೆ ದೀಪ ಹತ್ತುತ್ತದೆ, ಬೀಸಣಿಗೆ ತಿರುಗುತ್ತದೆ, ತಿಂಗಳಿಗೊಮ್ಮೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಬಿಲ್ಲು ಬರುತ್ತದೆ, ಗೃಹಸ್ಥನು ಹಣ ಕಟ್ಟುತ್ತಾನೆ. ಹಣ ಕಟ್ಟಿದೊಡನೆ ತನ್ನ ಋಣ ತೀರಿತೆಂದು ಅವನು ನಂಬುತ್ತಾನೆ. ಈ ನಂಬುಗೆ ಎಷ್ಟು ಮಟ್ಟಿಗೆ ನಿಜ ಎಂಬುದೇ ಪ್ರಕೃತ ವಿಚಾರ.

ಮೈಸೂರು ಸೀಮೆಯ ವಿದ್ಯುತ್ತಿನ ಚರಿತ್ರೆಯಲ್ಲಿ ಮರೆಯಬಾರದ ಸಂಗತಿಯೊಂದಿದೆ. ಶಿವನಸಮುದ್ರದಲ್ಲಿ ಕಾವೇರಿಯಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಮೊದಲಿಗೆ ಹೋದದ್ದು ಅರಮನೆಗೂ ಅಲ್ಲ, ಅಗ್ರಹಾರಕ್ಕೂ ಅಲ್ಲ. ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಗಣಿಯ ಚಿನ್ನದ ಆದಾಯವಿದ್ದುದರಿಂದಲೇ ಅಷ್ಟು ದೊಡ್ಡ ಸಾಹಸಕ್ಕೆ ಸಂಸ್ಥಾನ ಕೈಹಾಕಲು ಸಾಧ್ಯವಾಯಿತು. ಎಂದರೆ ಮೈಸೂರಿನ ಮನೆಗಳ ಬೆಳಕಿನ ಮೂಲವನ್ನು ಹುಡುಕುತ್ತ ಹೊರಟವನು ಕೋಲಾರದ ಗಣಿಯ ಬಾಯಿಗೆ ಬಂದು ನಿಲ್ಲುತ್ತಾನೆ. ಆ ಗಣಿಯ ಹೆಸರೇ ನೂರಹತ್ತು ವರ್ಷಗಳ ತರುವಾಯ ಇನ್ನೊಂದು ಕಾರಣಕ್ಕಾಗಿ ದೇಶದ ಸರ್ವೋಚ್ಚ ನ್ಯಾಯಾಲಯದಲ್ಲಿ ಕೇಳಿಬಂದಿತು.

ಆ ಕಾರಣವನ್ನು ಹೇಳುವ ಮುನ್ನ ಅಣುವಿದ್ಯುತ್ತಿನ ಶೇಷವೆಂದರೇನು ಎಂಬುದನ್ನು ತಿಳಿಯಬೇಕು. ಉತ್ತರ ಕನ್ನಡದ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಘಟಕಗಳು 2000ದಿಂದ 2011ರವರೆಗಿನ ಅವಧಿಯಲ್ಲಿ ಒಂದೊಂದಾಗಿ ಕೆಲಸಕ್ಕೆ ತೊಡಗಿದವು. ತಮಿಳುನಾಡಿನ ಕೂಡಂಕುಳಂನಲ್ಲಿ ತಲಾ 1000 ಮೆಗಾವಾಟಿನ ಎರಡು ಘಟಕಗಳು ನಡೆಯುತ್ತಿವೆ. ಈ ಎರಡು ಸ್ಥಾವರಗಳ ಉತ್ಪನ್ನದಲ್ಲಿಯೂ ಕರ್ನಾಟಕಕ್ಕೆ ಪಾಲುಂಟು. ತಂತಿಯಲ್ಲಿ ಬರುವ ವಿದ್ಯುತ್ತಿಗೆ ಕುಲಗೋತ್ರಗಳಿಲ್ಲವಾದುದರಿಂದ ಗೋಕುಲಂನ ದೀಪದಲ್ಲಿ ಶರಾವತಿಯೂ ಇದೆ, ರಾಯಚೂರಿನ ಕಲ್ಲಿದ್ದಲೂ ಇದೆ, ಯುರೇನಿಯಂ ಕೂಡ ಇದೆ. ಯುರೇನಿಯಂ ಉರಿದ ಮೇಲೆ ಉಳಿಯುವ ಇಂಧನವು ಬೂದಿಯಂತೆ ತಣ್ಣಗಾಗುವ ವಸ್ತುವಲ್ಲ. ಅದನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿಡಬೇಕು. ಭಾರತದಲ್ಲಿ ಸ್ವದೇಶೀ ಸ್ಥಾವರಗಳಿಂದ ಬಂದ ಇಂಧನವನ್ನು ಮತ್ತೆ ಸಂಸ್ಕರಿಸಿ, ಬಳಕೆಗೆ ಬರುವ ಯುರೇನಿಯಂ ಪ್ಲುಟೋನಿಯಂಗಳನ್ನು ತೆಗೆದುಕೊಂಡು, ಮಿಕ್ಕ ಉಗ್ರವಾದ ದ್ರವವನ್ನು ಗಾಜಿನೊಡನೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸ ನಡೆಯುತ್ತದೆ. ಗಾಜಾದ ಮೇಲೆಯೂ ಅದರ ಕಾವು, ವಿಕಿರಣ ಎರಡೂ ಇರುತ್ತವೆ. ಅದರಲ್ಲಿರುವ ಸೀಸಿಯಂ, ಸ್ಟ್ರಾನ್ಷಿಯಂಗಳ ಶಕ್ತಿ ಅರ್ಧಕ್ಕಿಳಿಯಲು ಸುಮಾರು 30 ವರ್ಷ ಬೇಕು; ಹತ್ತು ಬಾರಿ ಅರ್ಧವಾಗಲು ಮುನ್ನೂರು ವರ್ಷ. ಪ್ಲುಟೋನಿಯಂ ಅರ್ಧಕ್ಕಿಳಿಯಲು 24,000 ವರ್ಷ. ಬಸವಣ್ಣನವರ ಕಲ್ಯಾಣದಿಂದ ಇಂದಿಗೆ ಒಂಬತ್ತು ನೂರು ವರ್ಷಗಳೂ ತುಂಬಿಲ್ಲ.

ಇಂಥ ವಸ್ತುವನ್ನು ಕೊನೆಗೆ ಎಲ್ಲಿಡಬೇಕೆಂಬ ಪ್ರಶ್ನೆಗೆ ವಿಜ್ಞಾನಿಗಳಲ್ಲಿ ಬಹುಮಟ್ಟಿಗೆ ಒಂದೇ ಉತ್ತರವಿದೆ: ಭೂಮಿಯ ಆಳದಲ್ಲಿ, ಅಲುಗದ ಬಂಡೆಯೊಳಗೆ. ಯಾವ ಊರಿನ ಬಂಡೆಯೊಳಗೆ ಎಂಬುದಕ್ಕೆ ಮಾತ್ರ ವಿಜ್ಞಾನ ಉತ್ತರಿಸಲಾರದು. ಬಂಡೆಯ ಗುಣವನ್ನು ಅದು ಹೇಳಬಲ್ಲದು; ಬಂಡೆಯ ಮೇಲೆ ಬದುಕುವವರ ಒಪ್ಪಿಗೆಯನ್ನು ಹೇಳಲಾರದು.

2012ರ ನವೆಂಬರಿನಲ್ಲಿ ಕೂಡಂಕುಳಂ ಮೊಕದ್ದಮೆಯ ವಿಚಾರಣೆ ನಡೆಯುತ್ತಿತ್ತು. ಸ್ಥಾವರದ ಶೇಷವನ್ನು ಶಾಶ್ವತವಾಗಿ ಎಲ್ಲಿಡುವಿರೆಂಬ ಪ್ರಶ್ನೆ ಬಂದಾಗ ಸರ್ಕಾರದ ಪರವಾಗಿ ಕೋಲಾರದ ಮುಚ್ಚಿದ ಗಣಿಗಳ ಹೆಸರು ಹೇಳಲ್ಪಟ್ಟಿತು. ಮರುದಿನದ ಪತ್ರಿಕೆಗಳಲ್ಲಿ ಆ ಮಾತು ಬಂದಾಗಲೇ ಕೋಲಾರದ ಜನಕ್ಕೆ ಅದು ತಿಳಿದುದು. ಕೆ.ಜಿ.ಎಫ್.ನಲ್ಲಿ ಜನ ಬೀದಿಗಿಳಿದರು. ರಾಜ್ಯ ಸರ್ಕಾರವೂ ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಅಂಥ ಯೋಜನೆಯೇನೂ ಇಲ್ಲವೆಂದು ಕೇಂದ್ರದವರು ಸ್ಪಷ್ಟಪಡಿಸಿದರು. ಹಿಂದೆ ನಡೆದದ್ದು ಒಂದು ಪ್ರಯೋಗ ಮಾತ್ರ ಎಂಬುದು ಅವರ ವಿವರಣೆ. ಅದು ಸುಳ್ಳಲ್ಲ. ಗಣಿಯ ಪಾಳುಬಿದ್ದ ಭಾಗವೊಂದರಲ್ಲಿ, ಸುಮಾರು ಒಂದು ಸಾವಿರ ಮೀಟರ್ ಆಳದಲ್ಲಿ, ಬಂಡೆಯು ಕಾವನ್ನು ಹೇಗೆ ತಾಳುತ್ತದೆಂಬುದನ್ನು ತಿಳಿಯಲು ವಿದ್ಯುತ್ ಕಾಯಿಸುವ ಸಾಧನಗಳನ್ನಿಟ್ಟು ಎಂಟು ವರ್ಷ ಪರೀಕ್ಷೆ ನಡೆಸಿದ್ದರು. ವಿಜ್ಞಾನಕ್ಕೆ ಆ ಆಳ ಹೊಸದೂ ಅಲ್ಲ. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು 1965ರಲ್ಲಿ ಸಿಕ್ಕಿದ ಸ್ಥಳಗಳಲ್ಲಿ ಅಲ್ಲಿಯ ಚಾಂಪಿಯನ್ ರೀಫ್ ಗಣಿಯೂ ಒಂದು.

ಹೆಸರು ಹೇಳಿದ್ದೂ ಹಿಂತೆಗೆದುಕೊಂಡದ್ದೂ ಒಂದು ವಾರದೊಳಗಿನ ಮಾತಾದ್ದರಿಂದ ಇದನ್ನು ದೊಡ್ಡದು ಮಾಡುವುದೇಕೆ ಎಂದು ಕೇಳುವವರಿದ್ದಾರೆ. ಬೇರೆ ಯಾವ ಊರಿನ ಹೆಸರೂ ಬಾರದೆ ಈ ಊರಿನ ಹೆಸರೇ ಏಕೆ ನಾಲಗೆಗೆ ಬಂತು ಎಂಬುದು ಮಾತ್ರ ವಿಚಾರಾರ್ಹವಾಗಿದೆ. ಗಣಿ ಆಳವಾಗಿದೆ, ಖಾಲಿಯಿದೆ ಎಂಬುದು ಹೊರಗಿನ ಉತ್ತರ. ಅದು ಪೂರ್ತಿ ಸರಿಯಾದ ಉತ್ತರವೂ ಅಲ್ಲ. ಮೂರು ಕಿಲೋಮೀಟರಿಗೂ ಮೀರಿ ತೋಡಿದ ಆ ಗಣಿಗಳಲ್ಲಿ ಬಂಡೆ ಸಿಡಿಯುವುದು ಹಳೆಯ ಕಾರ್ಮಿಕರೆಲ್ಲರೂ ಬಲ್ಲ ಭಯ. ಗಣಿ ಮುಚ್ಚಿ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿದೆ. ಒಳಗಿನ ಉತ್ತರ ಬೇರೆಯೇ ಆಗಿದೆ: ಒಮ್ಮೆ ಎಲ್ಲವನ್ನೂ ಕೊಟ್ಟು ಬರಿದಾದ ಊರು ಏನನ್ನಾದರೂ ಸುರಿಯಲು ತಕ್ಕ ಜಾಗವಾಗಿ ತೋರುತ್ತದೆ. ಬಳಲಿದ ಎತ್ತಿಗೇ ಇನ್ನೊಂದು ಮೂಟೆ.

ಕೋಲಾರದ ಗಣಿಗಳಿಂದ ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತು. 1880ರಲ್ಲಿ ಜಾನ್ ಟೇಲರ್ ಕಂಪೆನಿಯಿಂದ ಮೊದಲಾಗಿ, 1956ರಲ್ಲಿ ಮೈಸೂರು ಸರ್ಕಾರಕ್ಕೂ 1962ರಲ್ಲಿ ಕೇಂದ್ರಕ್ಕೂ ಸೇರಿ, ಕೊನೆಗೆ 2001ರ ಫೆಬ್ರವರಿ 28ರಂದು ಮುಚ್ಚಿತು. ಚಿನ್ನ ಹೋಯಿತು, ಕಲ್ಲಿನ ಹಿಟ್ಟು ಉಳಿಯಿತು. ಅದಿರನ್ನು ಅರೆದು ಸೈನೈಡಿನಲ್ಲಿ ತೊಳೆದು ಚಿನ್ನ ತೆಗೆದ ಮೇಲೆ ಉಳಿದ ಆ ಹಿಟ್ಟು ಹದಿಮೂರು ಗುಡ್ಡಗಳಾಗಿ, ಸುಮಾರು ಸಾವಿರ ಎಕರೆಗಳ ಮೇಲೆ, ಮೂರು ಕೋಟಿ ಟನ್ನಿಗೂ ಮಿಕ್ಕಿ ಊರಿನ ನಡುವೆಯೇ ನಿಂತಿದೆ. ಜನ ಅವನ್ನು ಸೈನೈಡ್ ಗುಡ್ಡಗಳೆಂದೇ ಕರೆಯುತ್ತಾರೆ. ಗಾಳಿಕಾಲದಲ್ಲಿ ಆ ಪುಡಿ ಎದ್ದು ಮನೆಗಳೊಳಗೆ ಬರುತ್ತದೆ, ಅಡಿಗೆಯ ಪಾತ್ರೆಯ ಮೇಲೆ ಕೂರುತ್ತದೆ. 2024ರಲ್ಲಿ ಆ ಗುಡ್ಡಗಳಲ್ಲಿ ಉಳಿದಿರುವ ಚಿನ್ನದ ಅಂಶವನ್ನು ತೆಗೆಯುವ ಪ್ರಸ್ತಾಪಕ್ಕೆ ರಾಜ್ಯದ ಮಂತ್ರಿಮಂಡಲ ಒಪ್ಪಿತು. ಗುಡ್ಡದ ಮೇಲೆ ಮತ್ತೆ ದೃಷ್ಟಿ ಬಿದ್ದುದು ಕೂಡ ಚಿನ್ನಕ್ಕಾಗಿಯೇ ಹೊರತು ಧೂಳಿಗಾಗಿ ಅಲ್ಲವೆಂಬುದು ಗಮನಿಸತಕ್ಕ ಸಂಗತಿ. ಗಣಿಯ ಕೆಲಸ ಹೋದ ಮನೆಗಳಿಂದ ಸಾವಿರಾರು ಜನ ನಸುಕಿನಲ್ಲಿಯೇ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿಬರುತ್ತಾರೆ. ನೀರಿನ ಕಥೆಯೂ ಹೀಗೆಯೇ. ತುಂಬಿ ಹರಿಯುವ ಹೊಳೆಯಿಲ್ಲದ ಕೋಲಾರ ಜಿಲ್ಲೆಯ ಕೆರೆಗಳಿಗೆ 2018ರಿಂದ ಬರುತ್ತಿರುವುದು ಬೆಂಗಳೂರು ಬಳಸಿ ಬಿಟ್ಟು, ಎರಡನೆಯ ಹಂತದವರೆಗೆ ಶುದ್ಧಮಾಡಿದ ನೀರು. ಅದರಿಂದ ಬತ್ತಿದ ಬಾವಿಗಳಲ್ಲಿ ನೀರು ಕಂಡದ್ದುಂಟು. ಆದರೂ ಅದು ಇನ್ನೊಬ್ಬರು ಕೈತೊಳೆದ ನೀರೆಂಬ ಅಳುಕು ರೈತರನ್ನು ಬಿಟ್ಟಿಲ್ಲ.

ಈ ಸ್ಥಿತಿಯಲ್ಲಿರುವ ಊರಿಗೆ ಹೋಗಿ, ‘ಇಲ್ಲೊಂದು ಭೂಗರ್ಭ ಭಂಡಾರ ಮಾಡುತ್ತೇವೆ, ನಿಮಗೆ ಕೆಲಸ, ರಸ್ತೆ, ಆಸ್ಪತ್ರೆ, ಕುಡಿಯುವ ನೀರು ಎಲ್ಲವೂ ಸಿಗುತ್ತದೆ, ಒಪ್ಪುವಿರಾ?’ ಎಂದು ಕೇಳಿದರೆ ಅದು ಕೇಳಿದಂತಾಗುತ್ತದೆಯೇ? ಹಸಿದವನ ಮುಂದೆ ಅನ್ನವನ್ನು ತೋರಿಸಿ ಪತ್ರಕ್ಕೆ ರುಜು ಹಾಕಿಸಿಕೊಂಡಂತೆ ಆಗುತ್ತದೆ. ದಾಸೋಹಕ್ಕೂ ಆಮಿಷಕ್ಕೂ ಇರುವ ವ್ಯತ್ಯಾಸವನ್ನು ಮಠದ ದಾಸೋಹದಲ್ಲಿ ಊಟಮಾಡಿದ ಯಾರೂ ಬಲ್ಲರು: ದಾಸೋಹದಲ್ಲಿ ಬಡಿಸುವವನು ಉಣ್ಣುವವನಿಂದ ಏನನ್ನೂ ಬರೆಯಿಸಿಕೊಳ್ಳುವುದಿಲ್ಲ. ಕುಡಿಯುವ ನೀರೂ ಆಸ್ಪತ್ರೆಯೂ ಕೋಲಾರಕ್ಕೆ ಸಲ್ಲಬೇಕಾದ ಬಾಕಿ. ಬಾಕಿಯನ್ನೇ ಬೆಲೆಯೆಂದು ಎಣಿಸಿ ಕೊಡಹೋಗುವುದು ಎರಡು ಬಾರಿ ಅನ್ಯಾಯ. ಆದ್ದರಿಂದ ಮೊದಲ ಊಟದ ಎಲೆಯನ್ನೇ ಇನ್ನೂ ಎತ್ತದವರು ಎರಡನೆಯ ಪಂಕ್ತಿಯ ಎಲೆಗಳನ್ನು ಅದೇ ಅಂಗಳದಲ್ಲಿ ಹಾಕಲೆಂದು ಅಪ್ಪಣೆ ಕೇಳುವ ಅಧಿಕಾರವನ್ನೇ ಪಡೆದಿಲ್ಲ. ಸೈನೈಡ್ ಗುಡ್ಡಗಳ ಧೂಳು ಅಡಗಲಿ, ನೀರು ಬರಲಿ, ಕೆಲಸ ಬರಲಿ. ಯಾವ ಕರಾರೂ ಇಲ್ಲದೆ ಬರಲಿ. ಆಮೇಲೆ ಕೇಳಿದರೆ, ಆಗ ಅವರು ಹೇಳುವ ಹೌದಿಗೂ ಅಲ್ಲಕ್ಕೂ ಬೆಲೆ.

ಕೇಳುವುದೆಂಬ ಕ್ರಿಯೆಯ ವಿಷಯದಲ್ಲಿಯೇ ಇನ್ನಷ್ಟು ವಿಚಾರಮಾಡುವುದು ಯುಕ್ತ. ಕನ್ನಡದಲ್ಲಿ ‘ಕೇಳು’ ಎಂಬ ಒಂದೇ ಮಾತಿಗೆ ಪ್ರಶ್ನಿಸು ಎಂಬ ಅರ್ಥವೂ ಆಲಿಸು ಎಂಬ ಅರ್ಥವೂ ಇದೆ. ಸರ್ಕಾರಗಳು ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆಯುವುದು ಸಾಮಾನ್ಯ. 2006ರ ಸೆಪ್ಟೆಂಬರಿನ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗಳಿಗೆ ಮುಂಚೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು; ಮೂವತ್ತು ದಿನಗಳ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು; ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ಒದಗಿಸಬೇಕು. ಇದು ಒಳ್ಳೆಯ ಕಟ್ಟಳೆಯೇ. ಆದರೆ ನೂರಾರು ಪುಟಗಳ ಮೂಲ ವರದಿ ಇಂಗ್ಲಿಷಿನಲ್ಲಿರುತ್ತದೆ. ಸಭೆ ಒಂದು ದಿನದ್ದು. ಅಲ್ಲಿ ಹೇಳಿದ ಮಾತು ದಾಖಲಾಗುತ್ತದೆ, ಮತಗಣನೆಯಾಗುವುದಿಲ್ಲ. ಕೈಗಾದಲ್ಲಿ ತಲಾ 700 ಮೆಗಾವಾಟಿನ ಇನ್ನೆರಡು ಘಟಕಗಳನ್ನು ಕಟ್ಟುವ ಸಂಬಂಧದಲ್ಲಿ 2018ರ ಡಿಸೆಂಬರ್ 15ರಂದು ಕಾರವಾರ ತಾಲ್ಲೂಕಿನ ಮಲ್ಲಾಪುರದಲ್ಲಿ ಇಂಥ ಸಭೆ ನಡೆಯಿತು. ಅಲ್ಲಿ ವಿರೋಧದ ದನಿಗಳು ಬಲವಾಗಿಯೇ ಕೇಳಿಬಂದವು. ಮರುವರ್ಷ ಪರಿಸರದ ಅನುಮತಿ ದೊರೆಯಿತು. ಅನುಮತಿ ಸರಿಯೋ ತಪ್ಪೋ ಎಂಬುದು ಇಲ್ಲಿಯ ವಿಷಯವಲ್ಲ. ಸಭೆಯ ಮಾತು ನಿರ್ಣಯವನ್ನು ಒಂದಿಷ್ಟಾದರೂ ತಿರುಗಿಸಬಲ್ಲದಾಗಿತ್ತೆ ಎಂದು ಅಲ್ಲಿಗೆ ಹೋಗಿ ಬಂದ ರೈತನು ಕೇಳಿದರೆ ಉತ್ತರ ಕೊಡುವುದು ಕಷ್ಟ. ಕೂಡಂಕುಳಂನಲ್ಲಿ ಬಳಸಿದ ಇಂಧನವನ್ನಿಡುವ ಪ್ರತ್ಯೇಕ ಕಟ್ಟಡಕ್ಕಾಗಿ 2019ರ ಜುಲೈ 10ರಂದು ರಾಧಾಪುರಂನಲ್ಲಿ ಕರೆದಿದ್ದ ಸಭೆಯನ್ನಂತೂ ವಿರೋಧ ಎದ್ದ ಮೇಲೆ ಮುಂದಕ್ಕೆ ಹಾಕಿದರು.

ಕಲ್ಯಾಣದ ಅನುಭವ ಮಂಟಪದಲ್ಲಿ ದೋಣಿ ನಡೆಸುವವನೂ ಬಟ್ಟೆ ಮಡಿಮಾಡುವವನೂ ಅಂಬಲಿ ಉಣ್ಣುವವನೂ ಪ್ರಧಾನಿಯ ಸಮಕ್ಕೆ ಕುಳಿತು ಮಾತಾಡಿದರೆಂದು ಭಕ್ತರು ಹೆಮ್ಮೆಯಿಂದ ಸ್ಮರಿಸುತ್ತಾರೆ. ಅಂಗಳ ಗುಡಿಸುವ ಕಾಯಕದ ಸತ್ಯಕ್ಕನ ಮಾತಿಗೂ ಶರಣರ ಬಳಗದಲ್ಲಿ ತೂಕವಿತ್ತು. ಆ ಮಂಟಪದ ಹಿರಿಮೆ ಎಲ್ಲರೂ ಮಾತಾಡಿದ್ದರಲ್ಲಿ ಮಾತ್ರವಿಲ್ಲ. ಪೀಠವೇರಿದ ಅಲ್ಲಮನೂ ಪ್ರಶ್ನೆಗೊಳಗಾದದ್ದರಲ್ಲಿ, ಕೆಳಗೆ ಕುಳಿತವನ ಮಾತಿನಿಂದ ಮೇಲೆ ಕುಳಿತವನು ಬದಲಾಗಬಹುದಾಗಿದ್ದುದರಲ್ಲಿ ಇದೆ. ‘ಅಲ್ಲ’ ಎಂಬ ಉತ್ತರಕ್ಕೆ ಎಡೆಯಿಲ್ಲದಿದ್ದರೆ ಆ ಪ್ರಶ್ನೆ ಪ್ರಶ್ನೆಯಲ್ಲ, ಪ್ರಕಟಣೆ.

ಭಾರತದಲ್ಲಿ ಇದು ಆಗದ ಮಾತೆಂದು ಹೇಳುವಂತಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪ್ರಶ್ನೆ ಬಂದಾಗ 2013ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಬೆಟ್ಟದ ಗ್ರಾಮಸಭೆಗಳ ಮುಂದಿಡಬೇಕೆಂದಿತು. ಹನ್ನೆರಡು ಗ್ರಾಮಸಭೆಗಳು ಕೂಡಿದವು, ಹನ್ನೆರಡೂ ಬೇಡವೆಂದವು, ಗಣಿಗಾರಿಕೆ ನಿಂತಿತು.

ಪರದೇಶಗಳ ಅನುಭವವೂ ಇದನ್ನೇ ಸಾರುತ್ತದೆ. ಸ್ವೀಡನ್ ದೇಶದ ಕಿನೆಫ್ಯಾಲ್ ಎಂಬ ಬೆಟ್ಟದ ಮೇಲೆ ಅಣುಶೇಷಕ್ಕೆ ಜಾಗ ನೋಡಲು ಬಂಡೆ ಕೊರೆಯುವರೆಂದು ತಿಳಿದ ಹಳ್ಳಿಗರು 1980ರಲ್ಲಿ ದಾರಿಯ ಪಕ್ಕ ಗುಡಿಸಲೊಂದನ್ನಿಟ್ಟು ಕಾವಲು ಕುಳಿತರು. ಸರದಿಯ ಮೇಲೆ ಹಗಲಿರುಳೂ ಕುಳಿತು, 2000ದವರೆಗೆ ಇಪ್ಪತ್ತು ವರ್ಷ ಕಾದರು. ಅದೇ ದೇಶದವರು ಮುಂದೆ ದಾರಿಯನ್ನು ಬದಲಿಸಿ, ಊರಿನ ಒಪ್ಪಿಗೆಯಿಲ್ಲದೆ ಮುಂದುವರಿಯುವುದಿಲ್ಲವೆಂದು ಹೊರಟಾಗ, ಆಗಲೇ ಸ್ಥಾವರವಿದ್ದ ಎಸ್ಟ್‌ಹಮ್ಮಾರ್ ಎಂಬ ಊರಿನ ಪುರಸಭೆ 2020ರಲ್ಲಿ ಒಪ್ಪಿತು; 2022ರಲ್ಲಿ ಸರ್ಕಾರದ ಅನುಮತಿಯೂ ದೊರೆಯಿತು. ಫಿನ್ಲೆಂಡಿನಲ್ಲಿ 1987ರ ಕಾಯಿದೆಯೇ ಊರಿಗೆ ಬೇಡವೆನ್ನುವ ಅಧಿಕಾರವನ್ನು ಕೊಟ್ಟಿದೆ. ಅಲ್ಲಿಯ ಎವ್ರಾಯೋಕಿ ಎಂಬ ಊರಿನ ಪುರಸಭೆಯಲ್ಲಿ 2000ದ ಜನವರಿಯಲ್ಲಿ ಇಪ್ಪತ್ತು ಮಂದಿ ಬೇಕೆಂದರು, ಏಳು ಮಂದಿ ಬೇಡವೆಂದರು. ಈಗ ಅಲ್ಲಿ ನಾನೂರು ಮೀಟರಿಗೂ ಹೆಚ್ಚಿನ ಆಳದಲ್ಲಿ ಭಂಡಾರ ಸಿದ್ಧವಾಗಿದೆ. ಆ ಊರಿನಲ್ಲಿಯೇ ಸ್ಥಾವರಗಳೂ ಇವೆ. ತೆರಿಗೆಯ ಹಣವನ್ನೂ ಕೆಲಸವನ್ನೂ ಉಂಡವರು ಅವರೇ. ಮೇಲಾಗಿ ತನ್ನ ಅಣುಶೇಷವನ್ನು ಹೊರದೇಶಕ್ಕೆ ಕಳುಹಿಸಲಾಗದೆಂದು ಆ ದೇಶ 1994ರಲ್ಲಿ ಕಟ್ಟುಮಾಡಿಕೊಂಡಿತು. ಇದಕ್ಕೆ ವಿರುದ್ಧವಾದ ನಿದರ್ಶನ ಅಮೆರಿಕದ್ದು. ಒಂದು ಅಣುವಿದ್ಯುತ್ ಸ್ಥಾವರವೂ ಇಲ್ಲದ ನೆವಾಡ ರಾಜ್ಯದ ಯುಕ್ಕಾ ಬೆಟ್ಟವೊಂದನ್ನೇ 1987ರಲ್ಲಿ ರಾಜಧಾನಿಯವರು ಗೊತ್ತುಮಾಡಿದರು. ಆ ರಾಜ್ಯದ ನಿರಾಕರಣೆಯನ್ನು 2002ರಲ್ಲಿ ಬಹುಮತದಿಂದ ತಳ್ಳಿಹಾಕಿದರು. ಕೋಟ್ಯಂತರ ಡಾಲರ್ ಸುರಿದ ಮೇಲೂ ಅಲ್ಲಿ ಭಂಡಾರವಾಗಲಿಲ್ಲ. ಕೇಳದೆ ಮಾಡಹೊರಟ ಕೆಲಸ ಧರ್ಮಕ್ಕೂ ದೂರ, ಸಿದ್ಧಿಗೂ ದೂರವಾಯಿತು.

ಇಷ್ಟೆಲ್ಲ ಕೇಳಿದ ಗೃಹಸ್ಥನು ಕೋಲಾರದವರ ಪಕ್ಷವನ್ನು ಹಿಡಿದು ತಲೆದೂಗುವುದು ಸುಲಭ. ಆಕ್ಷೇಪವಿರುವುದು ಇಲ್ಲಿಯೇ. ಎಲ್ಲ ಊರುಗಳೂ ಬೇಡವೆಂದರೆ ಆ ವಸ್ತು ಎಲ್ಲಿಗೆ ಹೋಗಬೇಕು? ಅದು ಆಗಲೇ ಹುಟ್ಟಿದೆ. ಬೇಡವೆಂದ ಮಾತ್ರಕ್ಕೆ ಅದು ಇಲ್ಲವಾಗುವುದಿಲ್ಲ. 2013ರ ಮೇ 6ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಭೂಗರ್ಭ ಭಂಡಾರವನ್ನು ಆದಷ್ಟು ಬೇಗ ಮಾಡಬೇಕೆಂದು ಹೇಳಿತು. ಐದು ವರ್ಷಗಳಲ್ಲಿ ಆಗುವುದೆಂದು ಅಣುವಿದ್ಯುತ್ ನಿಗಮದವರು ಹೇಳಿದ್ದನ್ನು ದಾಖಲಿಸಿತು. ಆ ಐದು ವರ್ಷ 2018ಕ್ಕೆ ಮುಗಿದವು. ಶೇಷದ ಗಾತ್ರ ಚಿಕ್ಕದು, ಸಂಸ್ಕರಣದಿಂದ ಇನ್ನೂ ಚಿಕ್ಕದಾಗುತ್ತದೆ, ಅವಸರವಿಲ್ಲ ಎಂಬುದು ಅಣುಶಕ್ತಿ ಇಲಾಖೆಯ ನಿಲುವು. ಅದರಲ್ಲಿ ಸತ್ಯಾಂಶವಿದೆ. ಆದರೆ ಅವಸರವಿಲ್ಲದಾಗಲೇ ಕೇಳುವುದಕ್ಕೆ ಒಳ್ಳೆಯ ಕಾಲ. ಅವಸರ ಬಂದ ಮೇಲೆ ಯಾರೂ ಯಾರನ್ನೂ ಕೇಳುವುದಿಲ್ಲ.

ಬೇಡವೆಂದ ಕೋಲಾರಕ್ಕಿಂತ ಏನನ್ನೂ ಹೇಳದ ಗೋಕುಲಂ ಈ ವಿಚಾರದಲ್ಲಿ ಹೆಚ್ಚು ಉತ್ತರ ಕೊಡಬೇಕಾಗಿದೆ. ಮೈಸೂರಿನ ಕಸದ ವಿಷಯದಲ್ಲಿಯೂ ಇದನ್ನು ಕಾಣಬಹುದು. ನಗರದ ಕಸ ಬಹುಕಾಲದಿಂದ ದಕ್ಷಿಣದ ವಿದ್ಯಾರಣ್ಯಪುರದಲ್ಲಿ ರಾಶಿಬಿದ್ದು, ಅಲ್ಲಿಯ ಸುತ್ತಿನವರು ನಾತವನ್ನು ಕುರಿತು ದೂರುತ್ತಲೇ ಬಂದಿದ್ದಾರೆ. ಉತ್ತರದ ಬಡಾವಣೆಗಳಿಗೆ ಆ ಗಾಳಿ ಮುಟ್ಟದು. ಗೋಕುಲಂಗೆ ನೆರೆಯಾದ ಕುಂಬಾರಕೊಪ್ಪಲಿನಲ್ಲಿ ಶೂನ್ಯ ತ್ಯಾಜ್ಯ ಘಟಕವನ್ನು ತೆರೆದು, ಸುತ್ತಿನ ಮನೆಗಳ ಕಸವನ್ನು ಅಲ್ಲಿಯೇ ಬೇರ್ಪಡಿಸಿ ಗೊಬ್ಬರ ಮಾಡುವ ಏರ್ಪಾಡು ಆದಾಗಲೇ ‘ಎಲೆ’ ಉಂಡವರ ಹತ್ತಿರಕ್ಕೆ ಬಂದಿತು. ಅಣುವಿನ ಶೇಷವನ್ನು ಹಾಗೆ ಬೀದಿಬೀದಿಗೆ ಹಂಚಲಾಗದು, ಹಂಚಲೂ ಬಾರದು. ಹಂಚಿಕೊಳ್ಳಬಹುದಾದದ್ದು ಅದರ ಚಿಂತೆಯನ್ನು. (ಅಣುವಿನ ವ್ಯವಹಾರ ಗೋಕುಲಂಗೆ ತೀರ ದೂರದ್ದೂ ಅಲ್ಲ, ಇಲವಾಲದ ಬಳಿಯ ರತ್ನಹಳ್ಳಿಯಲ್ಲಿ ಅಣುಶಕ್ತಿ ಇಲಾಖೆಯ ಘಟಕವೊಂದು ಎಷ್ಟೋ ವರ್ಷಗಳಿಂದ ಇದೆ.)

ಆಯ್ದಕ್ಕಿ ಲಕ್ಕಮ್ಮನ ಕಥೆ ಎಲ್ಲರಿಗೂ ತಿಳಿದಿದೆ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಆಕೆ ಮುಟ್ಟದೆ ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಆಸೆಯನ್ನು ಕುರಿತ ಉಪದೇಶವೆಂದು ಹೇಳುವುದು ವಾಡಿಕೆ. ಇನ್ನೊಂದು ಮಾತೂ ಇದರಲ್ಲಿದೆ. ಮಡಿಲಿಗೆ ಬಂದು ಬಿದ್ದ ಅಕ್ಕಿಯನ್ನು ಆಕೆ ಎಲ್ಲಿಂದ ಬಂತು, ಹೇಗೆ ಹೆಚ್ಚಾಯಿತು ಎಂದು ಕೇಳಿದಳು. ಯಾರ ಪಾಲಿನದು ಇದು ಎಂಬ ಪ್ರಶ್ನೆ ಅಡಿಗೆಗಿಂತ ಮೊದಲು ಬಂತು. ಗೋಕುಲಂನ ಮನೆಯೊಡತಿಯು ತನ್ನ ದೀಪವನ್ನಾರಿಸಿ ಕತ್ತಲಲ್ಲಿ ಕೂರಬೇಕೆಂದು ಯಾರೂ ಹೇಳರು. ಬಂದ ಬೆಳಕು ಎಲ್ಲಿಂದ ಬಂತು, ಅದರ ಬೂದಿ ಎಲ್ಲಿದೆ ಎಂದು ಕೇಳುವುದು ಆಕೆಗೂ ಸಲ್ಲುವ ಕೆಲಸ. ಬೇಕಾದುದಕ್ಕಿಂತ ಹೆಚ್ಚಾಗಿ ಉರಿಯುತ್ತಿರುವುದೆಷ್ಟು ಎಂಬುದೂ ಆಗ ತಾನಾಗಿ ಕಣ್ಣಿಗೆ ಬೀಳುತ್ತದೆ.

ಇನ್ನು ಅತ್ಯಂತ ಕಠಿಣವಾದ ಭಾಗ ಉಳಿದಿದೆ. ಕೋಲಾರವನ್ನೋ ಬೇರೊಂದೂರನ್ನೋ ಸರಿಯಾಗಿ ಕೇಳಿ, ಅವರು ಮನಸಾರ ಒಪ್ಪಿದರೂ, ಆ ಒಪ್ಪಿಗೆ ಯಾರದು? ಇಂದು ಬದುಕಿರುವವರದು. ಭಂಡಾರದ ಮ‌ೇಲೆ ಉಳುವವರು, ಬಾವಿ ತೋಡುವವರು ಮುಂದಿನ ನೂರಾರು ತಲೆಮಾರುಗಳವರು. ಅವರು ಯಾವ ಭಾಷೆಯನ್ನಾಡುವರೋ ಗೊತ್ತಿಲ್ಲ. ಇಂದಿನ ಎಚ್ಚರಿಕೆಯ ಹಲಗೆಯನ್ನು ಓದಬಲ್ಲರೆಂಬ ಭರವಸೆಯಿಲ್ಲ. ಹಲ್ಮಿಡಿಯ ಶಾಸನದ ಕನ್ನಡವನ್ನೇ ಇಂದು ಪಂಡಿತರ ಸಹಾಯವಿಲ್ಲದೆ ಓದುವವರು ಎಷ್ಟು ಮಂದಿ? ಅದಕ್ಕೆ ಒಂದೂವರೆ ಸಾವಿರ ವರ್ಷ ಮಾತ್ರ ಆಗಿದೆ.

ಹುಟ್ಟದವರ ಹಕ್ಕಿನ ವಿಚಾರ ಈ ನಾಡಿಗೆ ಅಪರಿಚಿತವೇನಲ್ಲ. ಬಸವಣ್ಣನವರಿಗೆ ಒಂದು ತಲೆಮಾರು ಮುಂಚೆ, ಅದೇ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಪಿತ್ರಾರ್ಜಿತ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟೆಂಬುದು, ಗರ್ಭದಲ್ಲಿರುವವರ ಮತ್ತು ಇನ್ನೂ ಹುಟ್ಟದವರ ಜೀವನವನ್ನೂ ನೆನೆದು ತಂದೆ ಕೈಕಟ್ಟಿ ನಡೆಯಬೇಕೆಂಬುದು ಅದರ ನಿಲುವು. ಮನೆಯ ಯಜಮಾನನು ಸ್ವತ್ತನ್ನು ಮಾರಬಹುದು, ಅಡವಿಡಬಹುದು. ಆದರೆ ಕುಟುಂಬಕ್ಕೆ ನಿಜವಾದ ಅಗತ್ಯವಿದ್ದರೆ ಮಾತ್ರ. ಹೊಲ ಗದ್ದೆಗಳುಳ್ಳ ಯಾವ ಗೃಹಸ್ಥನಿಗೂ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದರ ಮೇಲೆ ಎಷ್ಟೋ ಮನೆಗಳ ವ್ಯಾಜ್ಯಗಳು ನಡೆದಿವೆ. ಭೂಮಿಯ ಆಳವೂ ಅಂಥದೇ ಪಿತ್ರಾರ್ಜಿತ. ಅದನ್ನು 24,000 ವರ್ಷಗಳಿಗೆ ಅಡವಿಡಹೊರಟ ತಲೆಮಾರು ತನ್ನ ಅಗತ್ಯ ನಿಜವಾದುದೆಂದು ಲೆಕ್ಕ ತೋರಿಸಬೇಕಾಗುತ್ತದೆ. ಆಸ್ಪತ್ರೆಯ ದೀಪ, ಓದುವ ಹುಡುಗನ ದೀಪ, ಗದ್ದೆಯ ಪಂಪು ಆ ಲೆಕ್ಕದಲ್ಲಿ ಸಲ್ಲುತ್ತವೆ. ಮದುವೆ ಮಂಟಪದ ಹೊರಗೆ ಬೆಳಗಿನವರೆಗೆ ಉರಿಯುವ ಸಾವಿರ ದೀಪಗಳು ಸಲ್ಲುತ್ತವೆಯೇ ಎಂಬುದನ್ನು ಮದುವೆ ಮಾಡಿಸುವವರು ಹೇಳಬೇಕು. ಅಗತ್ಯವೆಂದು ತೋರಿಸಿದ ಮೇಲೆಯೂ ಅಡವಿನ ಪತ್ರದಲ್ಲಿ ಬಿಡಿಸಿಕೊಳ್ಳುವ ಷರತ್ತು ಇರುತ್ತದಷ್ಟೆ. ಅದರಂತೆ ಭಂಡಾರದೊಳಗಿಟ್ಟದ್ದನ್ನು ಕನಿಷ್ಠ ಕೆಲವು ತಲೆಮಾರುಗಳವರೆಗೆ ಹೊರತೆಗೆದು ನೋಡಲು, ಬೇಕಾದರೆ ಸ್ಥಳ ಬದಲಿಸಲು ಅವಕಾಶವಿರಬೇಕೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ಮುಚ್ಚಿ ಮರೆಯುವುದೇ ಕ್ಷೇಮವೆನ್ನುವವರೂ ಇದ್ದಾರೆ. ಮೊದಲಿನವರ ಮಾತಿನಲ್ಲಿ ಅಪಾಯ ಸ್ವಲ್ಪ ಹೆಚ್ಚು, ವಿನಯವೂ ಹೆಚ್ಚು.

2006ರ ಅಧಿಸೂಚನೆಯಲ್ಲಿ ಬಹುಮಂದಿ ಓದದೆ ಬಿಡುವ ಕಲಮೊಂದಿದೆ. ಅಹವಾಲು ಸಭೆ ಯೋಜನೆಯ ಸ್ಥಳದ ಹತ್ತಿರವೇ ನಡೆಯಬೇಕು. ಆದರೆ ವಿಷಯದಲ್ಲಿ ಹಿತಾಸಕ್ತಿಯುಳ್ಳ ಬೇರೆ ಕಡೆಯವರೂ ತಮ್ಮ ಅಭಿಪ್ರಾಯವನ್ನು ಲಿಖಿತವಾಗಿ ಕಳುಹಿಸಬಹುದು. ಗೋಕುಲಂನ ಗೃಹಸ್ಥನಿಗೆ ಆ ಹಿತಾಸಕ್ತಿ ಇದೆಯೆಂಬುದಕ್ಕೆ ಅವನ ಮೇಜಿನ ಮೇಲಿರುವ ವಿದ್ಯುತ್ ಬಿಲ್ಲೇ ಸಾಕ್ಷಿ. ಮುಂದೊಂದು ದಿನ ಯಾವುದೋ ಊರಿನ ಹೆಸರು, ಅದು ಕೋಲಾರವಾಗಿರಲಿ ಬೇರೆಯಾಗಿರಲಿ, ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರಗಳ ಪ್ರಕಟಣೆಯಾಗಿ ಬರುತ್ತದೆ. ಅಂದಿನಿಂದ ಮೂವತ್ತು ದಿನಗಳ ಕಾಲಾವಕಾಶ. ಆ ಊರಿನವರ ಅರ್ಜಿಗಳ ನಡುವೆ ಮೈಸೂರಿನಿಂದ ಬಂದ ಕಾಗದಗಳೂ ಇದ್ದು, ಅವುಗಳಲ್ಲಿ ಉಂಡವರ ಪಟ್ಟಿಗೆ ತಮ್ಮ ಹೆಸರನ್ನೂ ಸೇರಿಸಿಕೊಳ್ಳಿರೆಂದು ಬರೆದಿದ್ದರೆ, ಅಹವಾಲು ಸಭೆಯ ಅಧಿಕಾರಿಗೆ ಅದನ್ನು ಯಾವ ಕಡತದಲ್ಲಿಡಬೇಕೆಂದು ಮೊದಲಿಗೆ ತೋಚದೆ ಹೋದೀತು.